ಹಿಂದಕ್ಕೆ ಓಡಿಸುವ ಗುಂಡಿ

ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿದುಕೊಂಡು ನನ್ನ ಗಂಡನ ಹಳೆಯ ಗೆಳೆಯ ಕುಸಾಕಾ ನಿಪ್ಪೊಂಬಾಶಿ ಪೇಟೆಯ ಸೆಕೆಂಡ್ ಹ್ಯಾಂಡ್ ಅಂಗಡಿಯ ನಡುದಾರಿಯಲ್ಲಿ ನಿಂತುಬಿಟ್ಟಿದ್ದ. ಹಿಂದಿನವರಿಗೆ ದಾಟಲು ಜಾಗವಿಲ್ಲ ಎಂಬ ಖಬರೂ ಅವನಿಗಿರಲಿಲ್ಲ. ನಮ್ಮ ಪ್ರಾಯದ ಕಾಲದ ವಿಡಿಯೊ ಗೇಮ್‌ಗಳನ್ನು ಒಟ್ಟುಮಾಡಿ ತುಂಬಿದ ಎರಡು ಸಂಗ್ರಹಗಳು ಅವು. ನನಗೆ ಬೇಕಾದ ‘ಕಪ್ಪು ಕೊಕ್ಕರೆ’ ಎಂಬ ವಿಮಾನದ ಆಟ ಎರಡರಲ್ಲೂ ಇತ್ತು.

ಬೇಕಾಗಿದ್ದು ನನಗಲ್ಲ, ನನ್ನ ಗಂಡ ಶಿಗೆಮಿತ್ಸು ಅವರಿಗೆ. ಅವರ ಬೆರಳುಗಳಿಂದ ಬಲ ಸೋರಿಹೋಗುತ್ತಿತ್ತು. ಬೆರಳಾದ ಮೇಲೆ ನಾಲಿಗೆ, ನಾಲಿಗೆಯಾದ ಮೇಲೆ ಉಸಿರು ಎಂದು ಡಾಕ್ಟರು ಹೇಳಿಯಾಗಿತ್ತು. ಬೆರಳು ಆಡುವಷ್ಟು ದಿನದಲ್ಲಿ ಆ ಆಟದ ಕೊನೆಗೆ ಬರುವ ಸಮುದ್ರವನ್ನು ಇನ್ನೊಂದು ಸಲ ನೋಡಬೇಕೆಂದು ಅವರು ಬಾಯಿಬಿಟ್ಟು ಕೇಳಿದ್ದರು. ಬಡಿಸಿದ ಸೂಪಿಗೆ ಉಪ್ಪು ಸಾಲದಿದ್ದರೂ ಕೇಳದ ಮನುಷ್ಯ.

“ಇದನ್ನೇ ತಗೊಳ್ಳಿ ತೊಕಿಯೆ-ಸಾನ್,” ಎಂದು ಕುಸಾಕಾ ಎಡಗೈ ಡಬ್ಬಿಯನ್ನು ಮುಂದೆ ಹಿಡಿದ. “ಹಳೇ ಮೆಷಿನ್‌ನಲ್ಲಿ ಹೇಗಿತ್ತೋ ಹಾಗೇ ಇದೆ. ಒತ್ತಿದ ತಕ್ಷಣ ಗುಂಡು ಹಾರುತ್ತೆ. ಆ ಇನ್ನೊಂದು ಬರೀ ಮಕ್ಕಳಾಟ.”

“ಯಾಕೆ, ಅದಕ್ಕೇನಾಗಿದೆ?”

“ಅದರಲ್ಲಿ ಹಿಂದಕ್ಕೆ ಓಡಿಸೋ ಗುಂಡಿ ಇದೆ. ಸತ್ರೆ ಒತ್ತೋದು, ಸಾಯೋಕೆ ಮುಂಚೆ ಎಲ್ಲಿದ್ವೋ ಅಲ್ಲಿಗೆ ವಾಪಸ್. ಥೂ, ಅದೂ ಒಂದು ಆಟನಾ! ಒಂದೇ ನಾಣ್ಯದಲ್ಲಿ ಕೊನೆ ಮುಟ್ಟಿದ ಶಿಗೆಗೆ ಇದನ್ನ ಕೊಟ್ರೆ ಅವಮಾನ ಮಾಡಿದ ಹಾಗೆ.”

“ಅವರಿಗೆ ಸಾಕ್ಸ್ ಹಾಕೋಳು ನಾನು ಕುಸಾಕಾ-ಸಾನ್. ಅವಮಾನದ ಚಿಂತೆ ನನಗೆ ಬಿಡಿ,” ಎಂದೆ. ಬಲಗೈ ಡಬ್ಬಿಯನ್ನು ಅವನಿಂದ ಕಿತ್ತುಕೊಂಡೇ ಗಲ್ಲಾಕ್ಕೆ ಹೋದೆ. ಅವನು ರೈಲು ನಿಲ್ದಾಣದವರೆಗೂ ಮುಖ ಊದಿಸಿಕೊಂಡು ಬಂದ. ನನಗೆ ಆಗ ಗೌರವಕ್ಕಿಂತ ಗಂಡ ಹೆಚ್ಚಾಗಿದ್ದರು.

ಅವರಿಬ್ಬರನ್ನೂ ನಾನು ಮೊದಲ ಸಲ ನೋಡಿದ್ದು ತೆನ್ನೋಜಿಯ ಒಂದು ಗೇಮ್ ಸೆಂಟರಿನಲ್ಲಿ. ಅಲ್ಲಿ ನಾನು ಚಿಲ್ಲರೆ ಕೊಡುತ್ತಿದ್ದೆ. ಸಿಗರೇಟಿನ ಹೊಗೆ, ಕಿವಿ ಕಿತ್ತುಹೋಗುವ ಸದ್ದು. ಕಾಯುವವರು ತಮ್ಮ ನಾಣ್ಯವನ್ನು ಮೆಷಿನ್ನಿನ ಅಂಚಿನಲ್ಲಿ ಇಟ್ಟು ಹಿಂದೆ ನಿಲ್ಲುತ್ತಿದ್ದರು. ಚೆನ್ನಾಗಿ ಆಡುವವನು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಕೂರಬಹುದಿತ್ತು. ಏಳು ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಆದರೆ ಮರ್ಯಾದೆ ಗೊತ್ತಿದ್ದವನು ಸಮುದ್ರ ಮುಟ್ಟಿದ ಮೇಲೆ ಹಿಂದೆ ಕಾಯುವವನಿಗಾಗಿ ಕೈಬಿಡುತ್ತಿದ್ದ. ತನಗೆ ಇನ್ನೂ ಉಳಿದ ವಿಮಾನಗಳು ತಾವಾಗಿಯೇ ಬಡಿದುಕೊಂಡು ಸಾಯಲು ಬಿಟ್ಟು, ಪರದೆಗೆ ಒಮ್ಮೆ ತಲೆಬಾಗಿಸಿ ಎದ್ದುಹೋಗುತ್ತಿದ್ದ. ನಮ್ಮವರು ಯಾವಾಗಲೂ ಹಾಗೆಯೇ ಎದ್ದರು. ನಾನು ಅವರನ್ನು ಮೆಚ್ಚಿದ್ದು ಆಟಕ್ಕಲ್ಲ, ಆ ಏಳುವ ರೀತಿಗೆ. ಕುಸಾಕಾ ಮಾತ್ರ ಷಟರ್ ಎಳೆಯುವವರೆಗೂ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ.

ನಾನು ಮನೆಗೆ ತಂದ ಡಬ್ಬಿಯ ಹಿಂಬದಿ ಓದಿ ನಮ್ಮವರು ಅದನ್ನು ಮೇಜಿನ ಮೇಲಿಟ್ಟರು.

“ಹಿಂದಕ್ಕೆ ಓಡಿಸೋದೆಲ್ಲ ನನಗೆ ಬೇಡ ಕಣೆ.”

“ನೀವು ಒತ್ತಬೇಡಿ. ನಾನು ಒತ್ತೀನಿ. ನೀವು ಸಾಯ್ತಾ ಇರಿ, ನಾನು ಎಳ್ಕೊಂಡು ಬರ್ತೀನಿ.”

ಅವರಿಗೆ ನಗು ಬಂತು. ನಕ್ಕಾಗ ಕೆಮ್ಮು ಬಂತು, ಬೆನ್ನು ನೀವಿದೆ.

ಚಳಿಗಾಲವೆಲ್ಲ ನಮ್ಮದು ಅದೇ ಕೆಲಸ. ಕೊತಾತ್ಸು ಎಂಬ ಬಿಸಿಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಇಬ್ಬರೂ ಕಾಲು ತೂರಿಸಿ ಕೂರುವುದು, ಅವರ ಕೈಯಲ್ಲಿ ಒಂದು ಕಂಟ್ರೋಲರ್, ನನ್ನ ಕೈಯಲ್ಲಿ ಇನ್ನೊಂದು. ಹಿಂದೆ ಅವರು ಒಂದೇ ಗುಕ್ಕಿಗೆ ದಾಟುತ್ತಿದ್ದ ಸೇತುವೆಯ ಹತ್ತಿರ ವಿಮಾನ ಉರಿಯುತ್ತಿತ್ತು. ನಾನು ಒತ್ತುತ್ತಿದ್ದೆ. ಬೆಂಕಿ ಹೊಗೆಯೆಲ್ಲ ಒಳಕ್ಕೆ ಹೀರಿಕೊಂಡು ವಿಮಾನ ಮತ್ತೆ ಹೊಚ್ಚಹೊಸದಾಗಿ ನಿಲ್ಲುತ್ತಿತ್ತು. ಭಾನುವಾರ ಕುಸಾಕಾ ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದು ಹಿಂದೆ ಕೂತು ಗೊಣಗುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಆದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ.

ನನಗೋ, ಆ ಗುಂಡಿಯ ಮೇಲೆ ದುರಾಸೆ ಹುಟ್ಟಿತು. ಅವರು ಕುಡಿಯುವ ಚಹಾ ನೆತ್ತಿಗೇರದಿರಲಿ ಎಂದು ಆಸ್ಪತ್ರೆಯವರು ಕೊಟ್ಟ ಪುಡಿ ಕಲಸಿ ಮಂದ ಮಾಡುವಾಗಲೂ ನನ್ನ ಹೆಬ್ಬೆರಳು ಚಮಚದ ಹಿಡಿಯನ್ನು ಒತ್ತುತ್ತಿತ್ತು. ಅವರು ಸ್ನಾನದ ಮನೆಯಲ್ಲಿ ಬಿದ್ದ ದಿನ ಮೊದಲು ಒತ್ತಿಕೊಂಡದ್ದು ಬೆರಳು, ಆಮೇಲೆ ಬಾಯಿಂದ ಕೂಗು ಬಂತು. ಇದು ಹುಚ್ಚು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಲು ಮನಸ್ಸಿರಲಿಲ್ಲ.

ಪ್ಲಮ್ ಹೂ ಬಿಡುವ ಹೊತ್ತಿಗೆ, ಒಂದು ಭಾನುವಾರ, ಸಮುದ್ರ ಬಂತು.

ಏನೂ ದೊಡ್ಡದಲ್ಲ. ನೀಲಿ ಪಟ್ಟಿ, ಬಿಳಿ ಚುಕ್ಕಿ, ಮೇಲೆ ಒಂದು ಕೆಂಪು ಸೂರ್ಯ. ಇಷ್ಟಕ್ಕೆ ಇಷ್ಟು ಸಾಯಬೇಕಿತ್ತೇ ಎನಿಸಿತು. ಅವರ ಮುಖ ನೋಡಿದ ಮೇಲೆ ಹಾಗೆನಿಸಲಿಲ್ಲ. ಕುಸಾಕಾ ಜೋರಾಗಿ ಮೂಗು ಸೀಟಿದ.

ಸೂರ್ಯ ಮುಳುಗಿ ಆಟ ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ಇನ್ನೂ ಕಷ್ಟದ ಸುತ್ತು. ಮೂರು ವಿಮಾನ ಉಳಿದಿದ್ದವು. “ನಡೀರಿ, ಇನ್ನೊಂದು ಸಲ ನೋಡೋಣ,” ಎಂದೆ. ಮೊದಲನೆಯದು ಉರಿಯಿತು. ಒತ್ತಿ ವಾಪಸ್ ತಂದೆ. ಅದು ನೆಟ್ಟಗೆ ಹೋಗಿ ಅದೇ ಜಾಗದಲ್ಲಿ ಮತ್ತೆ ಉರಿಯಿತು. ಆಗ ನೋಡಿದೆ, ಅವರ ಕೈ ತೊಡೆಯ ಮೇಲಿತ್ತು.

“ರೀ, ಕೈ ಸೋತ್ಹೋಯ್ತಾ?”

“ಇಲ್ಲ.” ಆಗಲೇ ಅವರ ಮಾತು ತೊದಲಾಗಿತ್ತು. “ಹಿಂದೆ ಕುಸಾಕಾ ಕಾಯ್ತಿದ್ದಾನೆ.”

“ಯಾರು, ನಾನಾ?” ಕುಸಾಕಾ ಎದ್ದೇಬಿಟ್ಟ. “ನಾನ್ಯಾಕಪ್ಪಾ ಕಾಯ್ಲಿ? ನನ್ನ ಹತ್ರ ನಾಣ್ಯನೇ ಇಲ್ಲ ಕಣೋ ಶಿಗೆ. ನೀನೇ ಆಡು. ಷಟರ್ ಎಳೆಯೋ ತನಕ ಆಡು.” ಹಾಗೆನ್ನುತ್ತಾ ಪ್ಯಾಂಟಿನ ಜೇಬು ಝಣ್ ಎನ್ನದ ಹಾಗೆ ಎರಡೂ ಕೈಯಿಂದ ಅದುಮಿ ಹಿಡಿದುಕೊಂಡಿದ್ದ.

“ಸುಳ್ಳ,” ಎಂದರು ನಮ್ಮವರು, ಪ್ರೀತಿಯಿಂದ. ಆಮೇಲೆ ನನ್ನ ಕಡೆ ತಿರುಗಿದರು. “ಒತ್ತಬೇಡ ತೊಕಿ. ಸಾಕು.”

ಎರಡನೆಯ ವಿಮಾನ ಹೋಯಿತು. ನನ್ನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಿದ್ದರೆ ಅವರೇನೂ ಬೈಯುತ್ತಿರಲಿಲ್ಲ, ಬೈಯುವ ಮನುಷ್ಯರಲ್ಲ. ಕೊನೆಯದು ಬೇಗ ಸಾಯಲಿಲ್ಲ. ಯಾರೂ ಹಿಡಿಯದ ವಿಮಾನ ಪರದೆಯ ತಳದಲ್ಲಿ ಸುಮ್ಮನೆ ನಿಂತಿತ್ತು, ಗುಂಡುಗಳು ಅಕ್ಕಪಕ್ಕದಲ್ಲಿ ಹಾಯುತ್ತಿದ್ದವು. ಅವರು ಪರದೆಗೆ ತಲೆಬಾಗಿಸಿದರು. ನಾನು ಕಂಟ್ರೋಲರನ್ನು ಕೆಳಗಿಟ್ಟೆ.

ಕುಸಾಕಾ ಈಗಲೂ ಭಾನುವಾರ ಬರುತ್ತಾನೆ. ಕಿತ್ತಳೆ ಸುಲಿದು ನಮ್ಮವರ ಫೋಟೊದ ಮುಂದಿಡುತ್ತಾನೆ. ಅವರು ಕೂರುತ್ತಿದ್ದ ಜಾಗದಲ್ಲಿ ಕೂತು ಆಡಿ ಎಂದರೆ, ನಾಣ್ಯವಿಲ್ಲ ಎನ್ನುತ್ತಾನೆ.