ಮಡಿಲಲ್ಲಿದ್ದ ಚೀಲ

ಹತ್ತು ವರ್ಷದವರೆಗೆ ಜೈಲಿಗೆ ತಳ್ಳಬಲ್ಲ ನಾಲ್ಕು ಕೆಜಿ ಗಾಂಜಾವನ್ನು ಮುನಿಯಲ್ಲಪ್ಪ ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಸಿಕ್ಕಿಬಿದ್ದದ್ದೂ ಹಾಗೆಯೇ. ಇಂಥ ಕಕ್ಷಿದಾರನನ್ನು ಉಳಿಸುವ ದಾರಿ ಕೋಲಾರದ ವಕೀಲೆ ಚಂದ್ರಕಲಾಗೆ ತಿಂಗಳುಗಟ್ಟಲೆ ಹೊಳೆದಿರಲಿಲ್ಲ.

ನಡೆದದ್ದಿಷ್ಟು. ಸುಗಟೂರಿನ ಈ ರೈತ ಮುಳಬಾಗಿಲಿನಲ್ಲಿ ತಂಗಿಯನ್ನು ನೋಡಿಕೊಂಡು ಹೊರಟಾಗ ಬಸ್ಸು ತಪ್ಪಿತು. ಕೋಲಾರದ ಕಡೆ ಹೋಗುವ ಟೆಂಪೋ ಒಂದಕ್ಕೆ ಕೈ ಅಡ್ಡ ಹಾಕಿ ಹತ್ತಿದ. ಕಾಲ ಬಳಿ ಅರಿಶಿನ ಕುಂಕುಮ ಬಳಿದ ಚೀಲವೊಂದಿತ್ತು.

"ಕುರುಡುಮಲೆ ಗಣಪತಿ ಪ್ರಸಾದ ಅಣ್ಣ, ಹುಷಾರು" ಎಂದ ಡ್ರೈವರ್.

ಪ್ರಸಾದಕ್ಕೆ ಕಾಲು ತಾಗಿಸುವುದುಂಟೇ? ಮುನಿಯಲ್ಲಪ್ಪ ಚಪ್ಪಲಿ ಬಿಟ್ಟು, ಚೀಲವನ್ನೆತ್ತಿ ಮಡಿಲಿಗೆ ಹಾಕಿಕೊಂಡ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಹೆದ್ದಾರಿಯಲ್ಲಿ ಪೊಲೀಸರು ಕೈ ತೋರಿಸಿದ್ದೇ ತಡ, ಡ್ರೈವರ್ ಗಾಡಿ ನಿಲ್ಲಿಸಿ ಹೊಲಕ್ಕಿಳಿದು ಓಡಿದ. ಇವತ್ತಿಗೂ ಸಿಕ್ಕಿಲ್ಲ. ಗಾಡಿಯ ನಂಬರೂ ಸುಳ್ಳು. ಉಳಿದವನು ಚೀಲ ತಬ್ಬಿಕೊಂಡು ಕೂತಿದ್ದ ಈ ಮಹಾನುಭಾವ ಒಬ್ಬನೇ.

"ಚೀಲ ಇವನ ಹತ್ತಿರ ಇರಲೇ ಇಲ್ಲ ಅಂತ ಹೇಳಿಸಮ್ಮ" ಎಂದು ಹಿರಿಯ ವಕೀಲರೊಬ್ಬರು ಚಂದ್ರಕಲಾಗೆ ಸಲಹೆ ಕೊಟ್ಟಿದ್ದರು. ಮುನಿಯಲ್ಲಪ್ಪ ಒಪ್ಪಲಿಲ್ಲ.

"ಇತ್ತಲ್ಲ ಮೇಡಂ. ನಾನೇ ಎತ್ಕೊಂಡಿದ್ದು. ಇರ್ಲಿಲ್ಲ ಅಂತ ಹೆಂಗ್ ಹೇಳ್ಲಿ?"

"ನಿನ್ ನಿಜಕ್ಕಿಷ್ಟು ಬೆಂಕಿ ಬೀಳ!" ಎಂದು ಅವನ ಹೆಂಡತಿ ಗಂಗಾಲಕ್ಷ್ಮಿ ಹಣೆ ಚಚ್ಚಿಕೊಂಡಿದ್ದಳು.

ಆರೋಪಿ ಚೀಲ ಮುಟ್ಟದಂತೆ ಸಿಬ್ಬಂದಿಯನ್ನು ತಡೆದ ಎಂದು ಪೊಲೀಸರ ಮಹಜರಿನಲ್ಲಿ ಬರೆದಿತ್ತು. ತಡೆದದ್ದು ನಿಜ. ಯಾಕೆ ತಡೆದ ಎನ್ನುವುದನ್ನು ಮಾತ್ರ ಯಾರೂ ಬರೆದಿರಲಿಲ್ಲ. ಅದನ್ನು ಮುನಿಯಲ್ಲಪ್ಪನೇನೋ ಹೇಳಿದ್ದ, ಆದರೆ ಆರೋಪಿಯ ಬಾಯಿಮಾತನ್ನು ಯಾರು ನಂಬುತ್ತಾರೆ? ಅಂದು ಚೀಲ ಇಸಿದುಕೊಂಡ ಕಾನ್‌ಸ್ಟೇಬಲ್ ನರಸಿಂಹಪ್ಪನ ಬಾಯಿಂದಲೇ ಅದು ಬರಬೇಕಿತ್ತು.

ಪಾಟೀಸವಾಲಿನ ದಿನ ಚಂದ್ರಕಲಾ ನರಸಿಂಹಪ್ಪನ ಎದುರು ಎದ್ದು ನಿಂತಳು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದು ಎನ್ನುವುದು ವಕೀಲರ ಮೊದಲ ಪಾಠ. ಬೇರೆ ದಾರಿಯಿಲ್ಲದೆ ಕೇಳಿದಳು.

"ಚೀಲ ಕೊಡು ಅಂದಾಗ ಇವರು ಏನಂದರು?"

ನರಸಿಂಹಪ್ಪ ಸರ್ಕಾರಿ ವಕೀಲರ ಕಡೆ ನೋಡಿದ. ಅವರು ಫೈಲು ನೋಡುತ್ತಿದ್ದರು.

"ಶೂ ಬಿಚ್ಚಿ ಮುಟ್ಟಿ ಸಾರ್, ಕುರುಡುಮಲೆ ಪ್ರಸಾದ ಅಂದ್ರು."

"ನೀವೇನು ಮಾಡಿದಿರಿ?"

ಕಾನ್‌ಸ್ಟೇಬಲ್ ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡ. ಈಗಿವನು ನೆನಪಿಲ್ಲ ಎಂದುಬಿಟ್ಟರೆ ಮುಗಿಯಿತು ಎಂದುಕೊಂಡಳು ಚಂದ್ರಕಲಾ. ನ್ಯಾಯಾಧೀಶರೇ "ಹೇಳ್ರಿ" ಎಂದರು.

"ಬಿಚ್ಚಿದೆ ಸ್ವಾಮಿ" ಎಂದ ನರಸಿಂಹಪ್ಪ, ಮೆಲ್ಲಗೆ. "ನಮ್ಮೂರೂ ಅಲ್ಲೇ ಪಕ್ಕದಲ್ಲೇ. ಬಿಚ್ಚಿ, ಕಣ್ಣಿಗೊತ್ಕೊಂಡು ಇಸ್ಕೊಂಡೆ. ಚೀಲದ ಬಾಯಿ ಬಿಚ್ಚಿ ನೋಡಿದ ಮೇಲೇ ಅದು ಏನು ಅಂತ ಗೊತ್ತಾಗಿದ್ದು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸರ್ಕಾರಿ ವಕೀಲರು ಫೈಲು ಮುಚ್ಚಿದರು. ಚಂದ್ರಕಲಾಗೆ ಆ ಕಾನ್‌ಸ್ಟೇಬಲ್‌ಗೆ ಕೈ ಮುಗಿಯಬೇಕೆನಿಸಿತು. ಇಷ್ಟು ದಿನ ತನ್ನ ಕಕ್ಷಿದಾರನ ಪೆದ್ದುತನವೆಂದು ಬೈದುಕೊಂಡಿದ್ದೇ ಈಗ ಅವನನ್ನು ಕಾಯುತ್ತಿತ್ತು. ಹಿಡಿಯಬಂದ ಪೊಲೀಸನೇ ಪ್ರಸಾದವೆಂದು ನಂಬಿರುವಾಗ, ಲಿಫ್ಟ್ ಕೇಳಿ ಹತ್ತಿದವನು ನಂಬಿದ್ದು ಅಪರಾಧ ಹೇಗಾಗುತ್ತದೆ ಎಂದು ವಾದಿಸಿ ಕೂತಳು.

ಮೂರು ವಾರದ ಬಳಿಕ ತೀರ್ಪು ಬಂತು. ಚೀಲದೊಳಗೆ ಏನಿದೆಯೆಂಬ ಅರಿವು ಆರೋಪಿಗೆ ಇರಲಿಲ್ಲ, ಖುಲಾಸೆ.

ಗಂಗಾಲಕ್ಷ್ಮಿ ಕಾರಿಡಾರಿನಲ್ಲೇ ಜೋರಾಗಿ ಅತ್ತಳು. ಚಂದ್ರಕಲಾಗೂ ಹೋದ ಜೀವ ಬಂದಂತಾಯಿತು. ಮುನಿಯಲ್ಲಪ್ಪನಿಗೆ ಮಾತ್ರ ಇನ್ನೂ ಅರ್ಥವಾದಂತಿರಲಿಲ್ಲ. ಜಾಮೀನು ಸಿಕ್ಕಾಗಿನಿಂದ ಅವನು ವಾರವಾರವೂ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಿದ್ದ.

"ಈ ಭಾನುವಾರ ಸೈನ್ ಹಾಕಾಕೆ ಎಷ್ಟೊತ್ತಿಗೆ ಹೋಗ್ಲಿ ಮೇಡಂ?"

"ಹೋಗೋದು ಬೇಡ."

"ಮುಂದಿನ ಭಾನುವಾರ?"

"ಯಾವ ಭಾನುವಾರಾನೂ ಬೇಡ ಮುನಿಯಲ್ಲಪ್ಪನೋರೆ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಹೆಂಡತಿಯ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಂಡ.