ಹಳದಿ ಸಲೈನ್

ಸುಸ್ತೆಂದು ತನ್ನೂರು ಆಡಕಿಯಿಂದ ಸೇಡಂನ ದವಾಖಾನೆಗೆ ಹೋಗಿ ಅನಸುಬಾಯಿ ಸಲೈನ್ ಹಚ್ಚಿಸಿಕೊಂಡು ಬಂದಿದ್ದಳು. ಶಕ್ತಿಯ ಔಷಧ ಬೆರೆಸಿದೊಡನೆ ಬಾಟ್ಲಿಯ ನೀರು ಹಳದಿಯಾದದ್ದನ್ನು ಕಂಡು, ಬರೀ ಬಿಳಿ ಬಾಟ್ಲಿ ಹಚ್ಚಿಸಿಕೊಂಡವರಿಗಿಂತ ತನಗೇ ಹೆಚ್ಚು ಬಲ ಬಂತೆಂದು ಬೀಗಿದ್ದಳು.

ಸಂಜೆ ಮೂತ್ರವೂ ಅಷ್ಟೇ ಹಳದಿಯಾದಾಗ ಎದೆ ಧಸಕ್ಕೆಂದಿತು. ಕಾಮಾಲೆಯೇ! ಹಿಂದೆ ತಂಗಿಗೆ ಕಾಮಾಲೆಯಾದಾಗ ಅವಳ ರಟ್ಟೆಗೆ ಕಾಸಿದ ಕಬ್ಬಿಣದಿಂದ ಬರೆ ಎಳೆಸಿದ್ದರು. ಆ ಚೀರಾಟ ಈಗಲೂ ಕಿವಿಯಲ್ಲಿತ್ತು. ಕನ್ನಡಿಯಲ್ಲಿ ಕಣ್ಣು ಬೆಳ್ಳಗೇ ಕಂಡರೂ ನಂಬಿಕೆ ಬರಲಿಲ್ಲ. ದವಾಖಾನೆಯ ನರ್ಸ್ ಲುಂಬಿನಿಗೆ ಫೋನ್ ಹಚ್ಚಿದಳು.

“ಅಂಜಬ್ಯಾಡ್ರಿ ಅಕ್ಕಾ, ಕಾಮಣಿ ಅಲ್ಲ. ಮೈಗೆ ಹೆಚ್ಚಾದ ವಿಟಮಿನ್ ಉಚ್ಚ್ಯಾಗ ಹೊಂಟದ, ಅಷ್ಟೇ. ನಾಳಿಗಿ ತಿಳಿ ಆಗ್ತದ.”

ಅನಸುಬಾಯಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ಮತ್ತೆ ಗಾಬರಿ.

“ಯವ್ವಾ, ಹಂಗಾದ್ರ ನನ್ನ ಶಕ್ತಿ ಎಲ್ಲಾ ಬಚ್ಚಲಕ್ಕ ಹೋತೇನ?”