ಓಗಿ ಬನ್ರಪ್ಪಾ

ಪಾಪಕ್ಕ ಮೊರದ ಅಂಚಿನಿಂದ ಮೈಕನ್ನು ಅತ್ತ ತಳ್ಳಿದಳು. ಸುಮಿತಾ ಅದನ್ನೆತ್ತಿ ಮತ್ತೆ ಅವಳ ಗದ್ದದ ಹತ್ತಿರ ಹಿಡಿದಳು. ಮೊರ ವಾಲಿ ಅವರೆಕಾಳು ಇಬ್ಬರ ಮಡಿಲಿಗೂ ಸುರಿಯಿತು.

"ದೊಡ್ಡಮ್ಮ, ಐದೇ ಮಾತು," ಎಂದ ಬಾಗಿಲಲ್ಲಿ ನಿಂತಿದ್ದ ವಿಜಯಕುಮಾರ್.

"ಲೇ ವಿಜಿ, ಬರಂಗಿದ್ರೆ ಒಳಕ್ ಬಾ. ಅಲ್ಲಿ ನಿಂತು ಬೆಳಕ್ ಮುಚ್ಬ್ಯಾಡ. ಕಾಳಲ್ಲಿ ಉಳ ಕಾಣ್ಸಲ್ಲ."

ವಿಜಯಕುಮಾರ್ ಇದೇ ಆಂಡರ್ಸನ್‌ಪೇಟೆಯ ಓಣಿಯವನು. ಸುಮಿತಾ, ಹಾವೇರಿಯಿಂದ ಕೆಜಿಎಫ್ ಕಾರ್ಖಾನೆಗೆ ಬಂದವರ ಮಗಳು. ಬಂಗಾರಪೇಟೆಯಲ್ಲಿ ಒಂದು ಕೋಣೆ ಹಿಡಿದು ಇಬ್ಬರೂ ಸೇರಿ ಕಂಪ್ಯೂಟರ್ ಆಟ ಮಾಡಿದ್ದರು. ಗಣಿಯ ಬಾವಿಯಲ್ಲಿ ಆಳುಗಳು ನಿಂತ ಕೇಜನ್ನು ಹಗ್ಗದಲ್ಲಿ ಇಳಿಸುವ ಆಟ. ಆಡುವವನು ಬಟನ್ ಒತ್ತಿದರೆ ಪಾಪಕ್ಕನ ದನಿ ಬರುತ್ತಿತ್ತು: "ಓಗಿ ಬನ್ರಪ್ಪಾ." ಅದು ನಟನೆಯ ಮಾತಾಗಿರಲಿಲ್ಲ. ಗಂಡ ಜಯರಾಮಪ್ಪ ಗಣಿಗೆ ಹೊರಟಾಗಲೆಲ್ಲ ಇಪ್ಪತ್ತಾರು ವರ್ಷ ಅವಳು ಹೇಳಿದ ಮಾತು. ಅವನು ಪ್ರತಿ ಸಲವೂ ಮೇಲೆ ಬಂದ. ಸತ್ತದ್ದು ಗಣಿ ಮುಚ್ಚಿದ ಮೇಲೆ, ಮನೆಯ ಮಂಚದಲ್ಲಿ, ಕೆಮ್ಮಿ ಕೆಮ್ಮಿ.

ಇಂಥ ಆಟ ಮಾರುವ ಅಂಗಡಿಗಳಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಇರುವುದೆಲ್ಲ ಇಂಟರ್‌ನೆಟ್ಟಿನಲ್ಲಿ. ಹೊಟ್ಟೆಕಿಚ್ಚು ಮಾತ್ರ ಪೇಟೆಬೀದಿಯದೇ. ಮೊದಲು ಹಳೆ ಅಂಗಡಿಯಲ್ಲಿ ಆಟ ಚೆನ್ನಾಗಿ ಹೋಯಿತು. ಕನ್ನಡ ಬಾರದವರೂ ಆ ಅಜ್ಜಿಯ ದನಿಗೆ ಮರುಳಾಗಿ ಮೆಚ್ಚುಗೆ ಬರೆದರು. ಅಷ್ಟರಲ್ಲಿ ಹೊಸ ಅಂಗಡಿ ಎದ್ದಿತು. ಅಲ್ಲಿಂದ ಕಿತ್ತು ಒಂದು ವರ್ಷ ನಮ್ಮಲ್ಲಿ ಮಾತ್ರ ಮಾರಿ ಎಂದು ಬಾಯಿಗೆ ಬೆಲ್ಲ ಸವರಿತು. ಷರತ್ತು ಒಂದೇ: ಬಟನ್ ಒತ್ತಿದ ಅರ್ಧ ಸೆಕೆಂಡಿನಲ್ಲಿ ಆಟ ಶುರುವಾಗಬೇಕು. ಸುಮಿತಾ ತನ್ನ ಕೈಯಾರೆ ದನಿಯನ್ನು ಕತ್ತರಿಸಿದಳು. "ಬನ್ರಪ್ಪಾ" ಹೋಯಿತು, "ಓಗಿ" ಉಳಿಯಿತು. ಮನೆಯಿಂದ ಹೊರಡುವವರಿಗೆ ಯಾರೂ ಬರೀ 'ಹೋಗಿ' ಅನ್ನುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಪರದೆಯ ಮೇಲೆ ಆ ಮಾತು ಒಂದು ಗೆರೆಯಾಗಿ ಕಾಣುತ್ತಿತ್ತು. ಗೆರೆ ಉದ್ದವಿತ್ತು, ಕತ್ತರಿಸಿದಳು.

ವರ್ಷ ಕಳೆಯಿತು. ಹೊಸ ಅಂಗಡಿ ಅವರ ಆಟವನ್ನು ಪುಕ್ಕಟೆ ರಾಶಿಗೆ ಎಸೆದು ಮರೆತುಬಿಟ್ಟಿತು. ಈಗ ಹಳೆ ಅಂಗಡಿ ಕರೆಯುತ್ತಿತ್ತು: ಎರಡನೇ ಭಾಗ ತನ್ನಿ, ಮೊದಲ ಪುಟದಲ್ಲೇ ಇಡುತ್ತೇವೆ, ಆದರೆ ಅದೇ ಅಜ್ಜಿಯ ಹೊಸ ಮಾತುಗಳಿರಬೇಕು. ಇಲ್ಲವಾದರೆ ಬಂಗಾರಪೇಟೆಯ ಕೋಣೆಗೆ ಬೀಗ. ಸುಮಿತಾ, ಅಪ್ಪ ಗೊತ್ತು ಮಾಡಿಟ್ಟ ಕೆಲಸಕ್ಕೆ, ಕಾರ್ಖಾನೆ ಗೇಟಿನಲ್ಲಿ ಪಾಸು ಬರೆಯಲು ಕೂರಬೇಕು.

"ಆ ಅಂಗ್ಡಿಗೂ ನಾನೇ ಬೇಕು, ಈ ಅಂಗ್ಡಿಗೂ ನಾನೇ ಬೇಕು," ಎಂದಳು ಪಾಪಕ್ಕ. "ವಯಸ್ಸಲ್ಲಿದ್ದಾಗ್ಲೂ ನಂಗೆ ಇಷ್ಟ್ ಗಂಡ್ ಬಂದಿರ್ಲಿಲ್ಲ."

ಸುಮಿತಾ ನಕ್ಕಳು. ಪಾಪಕ್ಕ ಒಪ್ಪಿದಳೇನೋ ಅಂದುಕೊಂಡಳು.

"ಪಕ್ಕದ್ಮನೆ ಕಲ್ಪನ ಫೋನಲ್ಲಿ ತೋರ್ಸಿದ್ಲು ಕಣಮ್ಮ. ಅಗ್ಗ ಕಿತ್ಕಂತದೆ, ಜನ ಬಿದ್ ಸಾಯ್ತಾರೆ. ತಿರ್ಗಾ ಸುರು. ತಿರ್ಗಾ ನಾನು, ಓಗಿ. ಸಾಯ್ತಾರೆ. ಓಗಿ. ನಮ್ ಯಜಮಾನ್ರಿಗೆ ಒಂದಿನಾನೂ ಅಂಗಂದಿಲ್ಲ ನಾನು. ಎಷ್ಟ್ ಜನಕ್ಕೆ ಅನ್ಸಿದೀಯ?"

ಲೆಕ್ಕ ಸುಮಿತಾಳಿಗೆ ಗೊತ್ತಿತ್ತು. ಬಟನ್ ಎಷ್ಟು ಸಲ ಒತ್ತಿದರೆಂದು ಹೊಸ ಅಂಗಡಿ ತಿಂಗಳಿಗೊಮ್ಮೆ ಕಳಿಸುತ್ತಿತ್ತು. ನಾಲ್ಕು ಲಕ್ಷ ದಾಟಿತ್ತು.

"ಕತ್ತರಿಸಿದ್ದು ನಾನೇ ಪಾಪಕ್ಕ. ವಿಜಯ ಅಲ್ಲ."

"ಗೊತ್ತು ಬಿಡು. ಅವ್ನಿಗೆ ಉಗುರ್ ಕತ್ತರ್ಸಕ್ಕೂ ಬರಲ್ಲ."

"ಈ ಸಲ ಒಂದಕ್ಷರ ಮುಟ್ಟಲ್ಲ. ಹಳೆಯದನ್ನೂ ಸರಿ ಮಾಡ್ತೀವಿ. ಶುರುವಿನಲ್ಲೇ ನಿಮ್ಮ ಹೆಸರು ಹಾಕ್ತೀವಿ. ಮಾರಿದ್ದರಲ್ಲಿ ಅರ್ಧ ನಿಮಗೆ, ಬರೆದುಕೊಡ್ತೀನಿ."

ವಿಜಯಕುಮಾರ್ ಬೆಚ್ಚಿ ಅವಳ ಮುಖ ನೋಡಿದ. ಅರ್ಧದ ಮಾತು ಇಬ್ಬರಲ್ಲಿ ಆಗಿರಲಿಲ್ಲ.

ಪಾಪಕ್ಕ ಮೊರ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಅರ್ಧಾನಾ?"

"ಅರ್ಧ."

"ಬ್ಯಾಡ," ಎಂದಳು ಪಾಪಕ್ಕ. "ದನಿ ಕೊಡಲ್ಲ."